ಗಾಜಿನ ಕೆಳಗಿನ ಜೋಳ

ಚನ್ನೇಶನ ಫೋನು ಬಂದಾಗ ರೋಹಿಣಿ ನನಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. ನಲವತ್ತೇಳು ವರ್ಷದ ಗಂಡಸು ಹೆಂಡತಿಯ ಕೈಯಲ್ಲಿ ರೊಟ್ಟಿ ಮುರಿಸಿಕೊಂಡು ಚಮಚದಿಂದ ತಿನ್ನುವುದು ನೋಡಲಿಕ್ಕೆ ಚೆನ್ನಾಗಿರುವುದಿಲ್ಲ. ಅದಕ್ಕೇ ನಾವು ಬಾಗಿಲು ಮುಂದೆ ಮಾಡಿಕೊಂಡು ಊಟಕ್ಕೆ ಕೂರುತ್ತಿದ್ದೆವು. ನನ್ನ ಎರಡೂ ಅಂಗೈ ಬಿರಿದಿದ್ದವು, ಬೆರಳ ಸಂದಿಯಲ್ಲಿ ನೀರು ಒಸರುತ್ತಿತ್ತು. ಉಪ್ಪು ಖಾರ ತಾಗಿದರೆ ಜೀವ ಹೋದಂತಾಗುತ್ತಿತ್ತು.

"ಕೊಟ್ರೇಶಣ್ಣಾ, ನಮ್ಮವ್ವ ನಿನ್ನ ನೆಲದ ಮ್ಯಾಲೆ ಕಾಲ ಇಡವಲ್ಲಳು," ಅಂದ ಚನ್ನೇಶ. "ಇಪ್ಪತ್ತು ದಿನ ಆತು. ನೀ ಬಂದು ಒಂದು ಮಾತು ಹೇಳಿ ಹೋಗು."

ನಿನ್ನ ನೆಲ ಅಂದ. ಹಾಕಿಸುವಾಗ ಅದು ಅವನ ನೆಲವಾಗಿತ್ತು. ಇಂಥದ್ದು ಬ್ಯಾಡಗಿ ತಾಲೂಕಿನಲ್ಲೇ ಇನ್ನೊಂದು ಇರಬಾರದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ತೊಂದರೆ ಬಂದ ಕೂಡಲೇ ನನ್ನದಾಯಿತು. ಈ ಕಸುಬಿನಲ್ಲಿ ಇದು ಹೊಸದೇನಲ್ಲ.

ನಮ್ಮದು ರಾಣೆಬೆನ್ನೂರು. ನಮ್ಮಪ್ಪ ಕಾವಿ ನೆಲ ತಿಕ್ಕುತ್ತಿದ್ದ. ನಾನು ಮೊದಲು ಮೊಸಾಯಿಕ್ ಮಾಡಿದೆ, ಆಮೇಲೆ ಗ್ರಾನೈಟ್ ಪಾಲಿಶ್, ಹನ್ನೆರಡು ವರ್ಷದಿಂದ ಇಪಾಕ್ಸಿ ನೆಲ. ಎರಡು ಡಬ್ಬಿ ಬರುತ್ತವೆ. ಒಂದರಲ್ಲಿ ಜೇನುತುಪ್ಪದಷ್ಟು ಮಂದವಾದ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಔಷಧಿ. ಅಳತೆ ತಪ್ಪದೆ ಎರಡನ್ನೂ ಕಲೆಸಿ ನೆಲದ ಮೇಲೆ ಸುರಿದು ಅರ್ಧ ಗಂಟೆಯೊಳಗೆ ಹರಡಬೇಕು. ಮಾರನೆಯ ದಿನ ಅದು ಗಾಜಿನ ಹಾಗೆ ಆಗಿರುತ್ತದೆ. ಕೆಳಗೆ ಏನು ಇಟ್ಟಿರುತ್ತೀರೋ ಅದು ಕಾಣುತ್ತದೆ. ಹಾವೇರಿಯ ವಕೀಲರೊಬ್ಬರ ಮನೆಯಲ್ಲಿ ಸಮುದ್ರದ ಚಿತ್ರ ಹಾಕಿದ್ದೇನೆ, ಗುತ್ತಲದ ಬಟ್ಟೆ ಅಂಗಡಿಯಲ್ಲಿ ನವಿಲು. ಹೊಸದರಲ್ಲಿ ಜನ ಬಂದು ನೋಡಿ ಹೋಗುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಎರಡು ವರ್ಷದ ಹಿಂದೆ ಕೈ ತುರಿಸಲಿಕ್ಕೆ ಶುರುವಾಯಿತು. ಮೊದಲು ಬೆರಳು, ಆಮೇಲೆ ಮುಂಗೈ, ಆಮೇಲೆ ಕಣ್ಣಿನ ರೆಪ್ಪೆ. ಸಿಕ್ಕ ಮುಲಾಮು ಹಚ್ಚಿಕೊಂಡು ತಳ್ಳಿದೆ. ಕಡೆಗೆ ಹಾವೇರಿಯ ಚರ್ಮದ ಡಾಕ್ಟರು ಕೈ ತಿರುಗಿಸಿ ನೋಡಿ, "ನಿನ್ನ ಮೈಗೆ ಈ ರಾಳ ಇನ್ನ ಆಗೂದಿಲ್ಲಪಾ. ಗ್ಲೌಸ್ ಹಾಕಿದ್ರೂ ಅಷ್ಟ. ಅದರ ಧೂಳು ಸೈತ ಬ್ಯಾಡ. ಮುಟ್ಟಿದಾಗೊಮ್ಮೆ ಹೆಚ್ಚಾಗತೈತಿ, ಮುಂದ ಉಸಿರಿಗೆ ಬರತೈತಿ," ಅಂದರು. ರೋಹಿಣಿ ಪಕ್ಕದಲ್ಲೇ ಕೂತಿದ್ದಳು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ನನ್ನಿಂದ ಆಣೆ ಮಾಡಿಸಿಕೊಂಡಳು. ಚನ್ನೇಶನ ನೆಲ ಒಪ್ಪಿಕೊಂಡಾಗಿದೆ, ಅದೊಂದೇ ಕೊನೆ, ಅದರ ಮೇಲೆ ಡಬ್ಬಿಯ ಮುಚ್ಚಳ ತೆಗೆಯಬಾರದು. ಯುಗಾದಿಯಿಂದ ಟೈಲ್ಸ್ ಅಂಗಡಿಯೊಂದರಲ್ಲಿ ನಿಂತು ಗಿರಾಕಿಗಳಿಗೆ ತೋರಿಸುವ ಕೆಲಸ ಮಾತಾಗಿತ್ತು. ನೆಲ ಹಾಕುವವನು ನೆಲ ತೋರಿಸುವವನಾಗುತ್ತೇನೆ, ಇರಲಿ, ಕೈ ಆದರೂ ಉಳಿಯಲಿ ಅಂದುಕೊಂಡಿದ್ದೆ.

ಚನ್ನೇಶನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮತ್ತು ಕಾಳುಕಡಿಯ ದಲಾಲಿ ಅಂಗಡಿ. ಮೋಟೆಬೆನ್ನೂರಿನಲ್ಲಿ ಹೆದ್ದಾರಿಗೆ ಹತ್ತಿರ ಹೊಸ ಮನೆ ಕಟ್ಟಿಸಿದ. ಮೀನು, ನವಿಲು ತೋರಿಸಿದರೆ ಅವನಿಗೆ ಹಿಡಿಸಲಿಲ್ಲ. ಅವನ ಹೆಂಡತಿ ಶಿಲ್ಪಾ ಫೋನಿನಲ್ಲಿ ಒಂದು ನೆಲ ನೋಡಿದ್ದಳು, ಎಲ್ಲೋ ಹೊರದೇಶದ್ದು, ಕಾಫಿ ಬೀಜವನ್ನೇ ಹರಡಿ ಮೇಲೆ ರಾಳ ಸುರಿದದ್ದು.

"ನಾವು ಏನು ಮಾರತೀವಿ ಅದ ನಮ್ಮ ನೆಲದಾಗ ಕಾಣಬೇಕು," ಅಂದ ಚನ್ನೇಶ. "ನಡುವ ಮೆಣಸಿನಕಾಯಿ, ಸುತ್ತ ಬಿಳಿಜ್ವಾಳ. ಚಿತ್ರ ಅಲ್ಲ, ಖರೇ ಮಾಲು."

ನಾನು ಹೂಂ ಅಂದೆ. ಕಾಳಿನಲ್ಲಿ ಗಾಳಿ ಇರುತ್ತದೆ, ಗುಳ್ಳೆ ಏಳುತ್ತದೆ, ಮೊದಲು ತೆಳ್ಳಗೆ ಒಂದು ಕೈ ರಾಳ ಹಚ್ಚಿ ಒಣಗಿಸಬೇಕು ಎಂದೆಲ್ಲ ಲೆಕ್ಕ ಹಾಕಿದೆ. ಬೇರೆ ಏನೂ ತಲೆಗೆ ಬರಲಿಲ್ಲ. ಇದನ್ನೇ ಈಗ ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಜೋಳ ತಿಂದೇ ಬೆಳೆದ ಮೈ ಇದು. ಚಿಕ್ಕವನಿದ್ದಾಗ ಕಾಳಿನ ಮೇಲೆ ಕಾಲಿಟ್ಟದ್ದಕ್ಕೆ ಅವ್ವನ ಕೈಯಲ್ಲಿ ಎಷ್ಟು ಸಲ ಹೊಡೆತ ತಿಂದಿದ್ದೇನೆ. ಗುಳ್ಳೆ ಏಳಬಾರದು ಅನ್ನುವುದೊಂದೇ ಚಿಂತೆಯಾಗಿ ಉಳಿದದ್ದೆಲ್ಲ ಮರೆತುಹೋಗಿತ್ತು.

ನನ್ನ ಜೊತೆ ಉಡಚಪ್ಪ ಕಾಕಾ ಕೆಲಸ ಮಾಡುತ್ತಾನೆ, ನನಗಿಂತ ಹತ್ತು ವರ್ಷ ದೊಡ್ಡವನು, ಒಕ್ಕಲುತನ ಮಾಡಿ ಬಂದವನು. ಚನ್ನೇಶ ತನ್ನ ಮನೆಯ ಉಗ್ರಾಣದಿಂದ ತಂದಿಟ್ಟ ಚೀಲವನ್ನು ಕಾಕಾ ಜರಡಿ ಹಿಡಿಯುತ್ತ ಕೂತಿದ್ದ. ಕಾಳಿನ ಜೊತೆ ಬೂದಿ ಉದುರಿತು, ಒಣಗಿದ ಬೇವಿನೆಲೆ ಬಂತು.

"ಕೊಟ್ರೇಶಾ, ಇದು ಬೀಜಕ್ಕ ಇಟ್ಟ ಕಾಳು ಇದ್ದಂಗ ಐತಲ್ಲೋ," ಅಂದ.

"ಸಾವ್ಕಾರ ಕೊಟ್ಟಾನ, ನಮಗ್ಯಾಕ ಕಾಕಾ. ಬೂದಿ ಪೂರಾ ಹೋಗಬೇಕು ನೋಡು, ಇಲ್ಲಂದ್ರ ಮಬ್ಬು ಕಾಣತೈತಿ," ಅಂದೆ ನಾನು.

ಹಸಿ ರಾಳದ ಮೇಲೆ ಓಡಾಡಲಿಕ್ಕೆ ನಾವು ಅಡಿಯಲ್ಲಿ ಮೊಳೆ ಇರುವ ಚಪ್ಪಲಿ ಕಟ್ಟಿಕೊಳ್ಳುತ್ತೇವೆ. ಹರಡಿದ ಜೋಳದ ಮೇಲೆ ರಾಳ ಸುರಿದು ಇಳಿಯುವ ಹೊತ್ತಿಗೆ ಕಾಕಾ ಬಾಗಿ ರಾಳ ಇನ್ನೂ ಹರಿಯದ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಇಳಿದ. ಲಗೂ ಮಾಡು, ರಾಳ ಕಾಯುವುದಿಲ್ಲ ಎಂದು ಅವನ ಮೇಲೆ ರೇಗಿದೆ. ಕಣ್ಣು ಉರಿಯುತ್ತಿತ್ತು, ಗ್ಲೌಸಿನೊಳಗೆ ಬೆರಳು ಬೆಂದುಹೋದಂತಿದ್ದವು, ಒಮ್ಮೆ ಮುಗಿದರೆ ಸಾಕಾಗಿತ್ತು.

ನೆಲ ಮಾತ್ರ ಬಹಳ ಚೆಂದ ಬಂತು. ನಡುವೆ ಕೆಂಪು ಚಕ್ರ, ಸುತ್ತ ಬಿಳಿಜೋಳ, ಕಿಟಕಿಯ ಬೆಳಕು ಬಿದ್ದರೆ ಒಂದೊಂದು ಕಾಳೂ ಎಣಿಸುವ ಹಾಗೆ. ಕೊನೆಯ ನೆಲ ಚೆನ್ನಾಗಿ ಬಂತೆಂದು ನಾನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದೆ.

ಚನ್ನೇಶನ ತಾಯಿ ದೇವವ್ವ ಆಗ ಗುತ್ತಲದ ತವರುಮನೆಯಲ್ಲಿದ್ದಳು. ಗೃಹಪ್ರವೇಶದ ಮುಂಜಾನೆಯೇ ಬಂದಳಂತೆ. ಅವತ್ತು ಪಡಸಾಲೆಯ ತುಂಬ ಜಮಖಾನ ಹಾಸಿತ್ತು, ಜನ ತುಂಬಿದ್ದರು, ಅವಳಿಗೆ ಕೆಳಗೇನಿದೆ ಗೊತ್ತಾಗಲಿಲ್ಲ. ಮರುದಿನ ಜಮಖಾನ ಸುತ್ತಿಟ್ಟರು. ದೇವವ್ವ ತನ್ನ ಕೋಣೆಯಿಂದ ಹೊರಗೆ ಬಂದವಳು ಹೊಸ್ತಿಲಲ್ಲೇ ನಿಂತಳು. ಆ ಕೋಣೆಯಿಂದ ಅಡುಗೆಮನೆಗೆ, ದೇವರಮನೆಗೆ ಹೋಗಬೇಕಾದರೆ ಪಡಸಾಲೆ ದಾಟಬೇಕು. ಅವಳು ದಾಟಲಿಲ್ಲ. ಕೋಣೆಗೆ ಹಿತ್ತಲ ಕಡೆ ಒಂದು ಬಾಗಿಲಿತ್ತು, ಅದರಿಂದ ಇಳಿದು ಮನೆಯನ್ನೆಲ್ಲ ಸುತ್ತಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಿಂದ ಅಡುಗೆಮನೆಗೆ ಬರತೊಡಗಿದಳು. ಎಪ್ಪತ್ತೆರಡು ವರ್ಷದ ಹೆಂಗಸು. ಹತ್ತನೆಯ ದಿನ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಎಲುಬು ಮುರಿಯಲಿಲ್ಲ, ಆದರೆ ಸೊಂಟ ಹಿಡಿದುಕೊಂಡು ಕೋಲು ಬಂತು. ಅಲ್ಲಿಂದ ಮುಂದೆ ಕೋಣೆಯಲ್ಲೇ ಕೂತಿದ್ದಾಳೆ, ಶಿಲ್ಪಾ ಮೂರು ಹೊತ್ತು ಊಟ ತಂದು ಕೊಡುತ್ತಾಳೆ. ಇಷ್ಟನ್ನೂ ಚನ್ನೇಶ ಫೋನಿನಲ್ಲಿ ಹೇಳಿದ.

"ಅವು ಪ್ಲಾಸ್ಟಿಕ್ ಕಾಳು ಅಂತ ಹೇಳೀನಿ," ಅಂದ. "ನಂಬವಲ್ಲಳು. ನೆಲ ಹಾಕಿದಾವನ್ನ ಕರಸು, ಅವನ ಬಾಯಿಂದ ಕೇಳತೇನಿ ಅಂತಾಳ. ನೀ ಪ್ಲಾಸ್ಟಿಕ್ ಅಂದುಬಿಡು, ಮುಗೀತು. ಇಲ್ಲಂದ್ರ ಪೂರಾ ನೆಲ ಕಿತ್ತ ಬ್ಯಾರೆ ಹಾಕಬೇಕಾಗತೈತಿ ನೋಡು. ಹಾಕಿದಾವ ನೀನು, ಕೀಳಾವನೂ ನೀನ."

ಫೋನು ಇಟ್ಟ ಮೇಲೆ ರೋಹಿಣಿ ನನ್ನ ಮುಖ ನೋಡಿದಳು. ನೆಲ ಕೀಳುವುದೆಂದರೆ ಮಷೀನು ಹಚ್ಚಿ ಅರೆಯುವುದು. ಮನೆ ತುಂಬ ರಾಳದ ಹಿಟ್ಟು ಏಳುತ್ತದೆ, ಮೂಗಿಗೆ ಎಷ್ಟು ಕಟ್ಟಿಕೊಂಡರೂ ಒಳಗೆ ಹೋಗುತ್ತದೆ. ಡಾಕ್ಟರು ಬೇಡ ಅಂದದ್ದು ಅದನ್ನೇ.

"ಒಂದು ಸುಳ್ಳು ಹೇಳಿದ್ರ ಏನೂ ಆಗೂದಿಲ್ಲ," ಅಂದಳು ರೋಹಿಣಿ. "ಹೇಳಿ ಬರ್ರಿ."

ನನಗೂ ಹಾಗೇ ಅನಿಸಿತ್ತು.

ಮರುದಿನ ಬಸ್ಸು ಹಿಡಿದು ಮೋಟೆಬೆನ್ನೂರಿಗೆ ಹೋದೆ. ಸುಗ್ಗಿಯ ದಿನ. ಬ್ಯಾಡಗಿಯ ಕಡೆ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳು ಒಂದರ ಹಿಂದೊಂದು ಹೊರಟಿದ್ದವು, ಬಸ್ಸಿನಲ್ಲಿ ಕೂತವರೆಲ್ಲ ಸೀನುತ್ತಿದ್ದರು. ಆ ಘಾಟು ನನ್ನ ಕೈಗೂ ತಾಗಿದಂತಾಗಿ ಎರಡೂ ಕೈಯನ್ನು ಅರಿವೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಯಾರ ಜೊತೆಗೂ ಮಾತು ಬೇಡವಾಗಿತ್ತು. ಹೇಳಬೇಕಾದ ಮಾತು ಒಂದೇ, ಪ್ಲಾಸ್ಟಿಕ್. ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಹೋದೆ.

ಚನ್ನೇಶ ಗೇಟಿನಲ್ಲೇ ಕಾಯುತ್ತಿದ್ದ. ಒಳಗೆ ಕರೆದುಕೊಂಡು ಹೋಗಿ ಪಡಸಾಲೆಯಲ್ಲಿ ನಿಂತ. ದೇವವ್ವ ತನ್ನ ಕೋಣೆಯ ಹೊಸ್ತಿಲ ಒಳಗೆ ಮಣೆಯ ಮೇಲೆ ಕೂತಿದ್ದಳು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ಎರಡೂ ಪಾದ ಸರಿಯಾಗಿ ಕೋಣೆಯ ಒಳಗೇ ಇದ್ದವು.

"ಈ ನೆಲ ಹಾಕಿದಾವ ನೀನ ಏನ್ ತಮ್ಮಾ?" ಅಂದಳು.

"ಹೌದ್ರಿ ಅಮ್ಮಾರ."

"ಚೆಂದ ಹಾಕೀದಿ. ಹಂಗಾರ ನೀನ ಹೇಳು. ಇದರಾಗ ಇರೂದು ಖರೇ ಕಾಳೋ, ಆಟಗಿ ಕಾಳೋ? ಮಗ ಏನೋ ಅಂತಾನ. ಅವ ಯಾಪಾರಸ್ಥ, ಅವನ ಮಾತು ಗಿರಾಕಿ ನೋಡಿ ಬದಲಾಗತೈತಿ. ನೀ ಕೆಲಸದಾವ. ನೀ ಹೇಳಿದ್ದ ಕೇಳತೇನಿ."

ಚನ್ನೇಶ ನಕ್ಕ. ನಾನು ಅವನ ಮುಖ ನೋಡಲಿಲ್ಲ, ದೇವವ್ವನದೂ ನೋಡಲಿಲ್ಲ, ನೆಲವನ್ನೇ ನೋಡುತ್ತ ಹೇಳಿದೆ.

"ಪ್ಲಾಸ್ಟಿಕ್ ರಿ ಅಮ್ಮಾರ. ಕಾರಖಾನಿಯೊಳಗ ಮಾಡತಾರ. ನೋಡಾಕ ಮಾತ್ರ ಜ್ವಾಳ."

"ಆತು ಬಿಡು. ಹಾಕಿದಾವ ಹೇಳಿದ ಮ್ಯಾಲೆ ಮತ್ತೇನೈತಿ."

ಅಷ್ಟೇ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಮಣೆಯಿಂದ ಎದ್ದು ಕೋಲು ಊರಿ ಹೊಸ್ತಿಲು ದಾಟಿ ನೆಲದ ಮೇಲೆ ಕಾಲಿಟ್ಟಳು. ಮೊದಲ ಹೆಜ್ಜೆಗೆ ಸ್ವಲ್ಪ ತಡೆದಳು, ಆಮೇಲೆ ನಡೆದೇ ಬಿಟ್ಟಳು. ಚನ್ನೇಶ ನನ್ನ ಬೆನ್ನು ತಟ್ಟಿ, ಅಂಗಡಿಯಿಂದ ಫೋನು ಬಂದಿತೆಂದು ಅಂಗಳಕ್ಕೆ ಹೋದ. ನನಗೆ ಹಗುರಾಗಬೇಕಿತ್ತು. ಕೈ ಉಳಿಯಿತು, ಆಣೆ ಉಳಿಯಿತು. ಆದರೆ ಅವಳು ಅಷ್ಟು ಸುಲಭಕ್ಕೆ ನಂಬಿದ್ದು ನನಗೆ ಸರಿಬರಲಿಲ್ಲ. ಜಗಳ ಮಾಡಿದ್ದರೆ ನಾನೂ ಜೋರು ಮಾಡಿ ಎದ್ದು ಬರುತ್ತಿದ್ದೆ.

"ಉಂಡ ಹೋಗು, ಕುಂದ್ರು," ಅಂತ ಅಡುಗೆಮನೆಯಿಂದಲೇ ಕೂಗಿದಳು. ಬೇಡವೆಂದರೆ ಕೇಳುವ ದನಿಯಲ್ಲ ಅದು. ಶಿಲ್ಪಾ ಗೋಡೆಯ ಬದಿಗೆ ಚಾಪೆ ಹಾಸಿದಳು. ದೇವವ್ವ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಾಟು ಹಿಡಿದುಕೊಂಡು ತಾನೇ ಬಂದಳು. ಇಪ್ಪತ್ತು ದಿನದ ಮೇಲೆ ಮನೆಗೆ ಬಂದವರಿಗೆ ತನ್ನ ಕೈಯಿಂದ ಬಡಿಸುವುದಕ್ಕೆ ಸಿಕ್ಕಿತ್ತು, ಅದರ ಸಂತೋಷ ಮುಖದಲ್ಲಿ ಕಾಣುತ್ತಿತ್ತು. ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ.

ನಾನು ಚಮಚ ಕೇಳಿದೆ.

"ರೊಟ್ಟಿಗೆ ಚಮಚ ಯಾಕಪಾ?" ಅಂದಳು. ನಾನು ಅರಿವೆ ಬಿಚ್ಚಿ ಕೈ ತೋರಿಸಿದೆ. ಅವಳು ಕೋಲು ಗೋಡೆಗೆ ಆನಿಸಿ ನಿಧಾನ ಕೂತು ಕೈಯನ್ನು ಹತ್ತಿರದಿಂದ ನೋಡಿದಳು.

"ಇದ ಎದರಿಂದ ಆಗೈತಿ?"

"ಈ ಗಾಜಿನ ನೆಲ ಐತಲ್ರಿ, ಅದರ ಎಣ್ಣಿಯಿಂದ. ಡಾಕ್ಟರು ಇನ್ನ ಮುಟ್ಟಬ್ಯಾಡ ಅಂದಾರ. ನಿಮ್ಮದ ಕೊನೀದು."

"ಶಿವನ," ಅಂದಳು. ತಾಟನ್ನು ತನ್ನ ಕಡೆ ಎಳೆದುಕೊಂಡು ರೊಟ್ಟಿಯನ್ನು ಸಣ್ಣಗೆ ಮುರಿದಳು. ಮಜ್ಜಿಗೆ ಹಾಕಿ ಕಲಸಿದರೆ ಖಾರ ತಾಗುವುದಿಲ್ಲ ಅಂದು ಎದ್ದು ಮತ್ತೆ ಅಡುಗೆಮನೆಗೆ ಹೋದಳು. ಆ ಮುರಿದ ರೊಟ್ಟಿಯ ಚೂರುಗಳನ್ನು ನೋಡುತ್ತ ನಾನು ಕೂತೆ. ಕುಂಡೆಯ ಕೆಳಗೆ ಚಾಪೆ, ಚಾಪೆಯ ಕೆಳಗೆ ಅದೇ ಜೋಳ.

ಮಜ್ಜಿಗೆಯ ಚೊಂಬು ಹಿಡಿದುಕೊಂಡು ಅವಳು ಪಡಸಾಲೆಯ ನಡುವಿಗೆ ಬರುವಾಗ ಮಾತು ಮುಂದುವರಿಸಿದಳು.

"ಈ ರೊಟ್ಟಿ ಜ್ವಾಳ ನಮ್ಮ ಹೊಲದ್ದಲ್ಲ, ಪ್ಯಾಟಿದು. ನಮ್ಮದು ಬ್ಯಾರೆ ಐತಿ, ಗುತ್ತಲದಿಂದ ನಾ ಮದವಿ ಆಗಿ ಬರೂಮುಂದ ನಮ್ಮವ್ವ ಉಡಿಯಾಗ ಹಾಕಿದ್ದು. ವರ್ಷಾ ಒಂದೆಕರೆ ಬಿತ್ತಿ ಬೀಜಕ್ಕ ಇಡತೇನಿ. ಈ ಸಲ ಬೂದಿ ಕಲಿಸಿ, ಬೇವಿನಸೊಪ್ಪು ಹಾಕಿ ಒಂದು ಚೀಲ ಕಟ್ಟಿಟ್ಟಿದ್ನಿ. ಕಾಣವಲ್ದು. ಚನ್ನೇಶ ಇಲಿ ತಿಂದಾವು ಅಂತಾನ. ಚೀಲಾ ಸುದ್ದಾ ತಿಂತಾವ ಏನ್ ತಮ್ಮಾ ಇಲಿ?"

ಕಾಕಾ ಜರಡಿ ಹಿಡಿದಾಗ ಉದುರಿದ ಬೂದಿ ಕಣ್ಣಮುಂದೆ ಬಂತು. ಸುಮ್ಮನಿರಬಹುದಿತ್ತು. ಇಲಿ ಏನು ಬೇಕಾದರೂ ತಿನ್ನುತ್ತವೆ ಅಂದು ನಕ್ಕು, ಕೈತೊಳೆದು ಬಸ್ಸು ಹಿಡಿಯಬಹುದಿತ್ತು. ಆದರೆ ಅವಳು ನನಗೋಸ್ಕರ ಮಜ್ಜಿಗೆ ಹಿಡಿದು, ತಾನೇ ಕಟ್ಟಿಟ್ಟ ಬೀಜದ ಮೇಲೆ ಬರಿಗಾಲಲ್ಲಿ ನಿಂತಿದ್ದಳು, ನಾನು ಹೇಳಿದ ಮಾತನ್ನು ನಂಬಿ.

"ಇಲಿ ತಿಂದಿಲ್ರಿ," ಅಂದೆ. "ನೀವು ಅದರ ಮ್ಯಾಲ ನಿಂತೀರಿ. ಪ್ಲಾಸ್ಟಿಕ್ ಅಂದದ್ದು ಸುಳ್ಳು. ನನ್ನ ಕೈ ಉಳೀಲಿ ಅಂತ ಸುಳ್ಳ ಹೇಳಿದೆ."

ದೇವವ್ವ ಅಲ್ಲೇ ನಿಂತಳು. ಮುಂದೆ ಅಡಿಯಿಟ್ಟರೂ ಕಾಳು, ಹಿಂದೆ ಇಟ್ಟರೂ ಕಾಳು. ಕೆಳಗೆ ನೋಡಿದಳು. ಒಂದು ಪಾದವನ್ನು ಎತ್ತಿದವಳು ಎಲ್ಲಿ ಇಡುವುದೋ ತಿಳಿಯದೆ ಮತ್ತೆ ಅಲ್ಲೇ ಇಟ್ಟಳು. ನಾನು ಎದ್ದು ಚಾಪೆ ಎಳೆದು ಅವಳ ಮುಂದೆ ಹಾಸಲು ಹೋದೆ.

"ಬ್ಯಾಡ," ಅಂದಳು. "ಗೊತ್ತಿಲ್ಲದಾಗ ಜಮಖಾನ ನಡೀತು. ಈಗ ಗೊತ್ತಾತಲ್ಲ, ಏನ್ ಹಾಸಿದ್ರೂ ಅಷ್ಟ."

ಚೊಂಬು ನನ್ನ ಕೈಗೆ ಕೊಟ್ಟಳು. ಕೋಲು ಹಿಡಿದು ಕಷ್ಟಪಟ್ಟು ಬಾಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾತು," ಅಂದಳು. ನನಗೆ ಹೇಳಿದ್ದಲ್ಲ, ಕಾಳಿಗೆ ಹೇಳಿದ್ದು. ಆಮೇಲೆ ಒಂಬತ್ತು ಹೆಜ್ಜೆ ನಡೆದು ತನ್ನ ಕೋಣೆ ಸೇರಿದಳು. ನಾನು ಎಣಿಸಿದೆ.

ಅಂಗಳದಿಂದ ಬಂದ ಚನ್ನೇಶನಿಗೆ ವಿಷಯ ತಿಳಿದಾಗ ಅವನು ನನ್ನ ಮೇಲೆ ಕೂಗಾಡಿದ. ಅದನ್ನೆಲ್ಲ ಬರೆಯುವುದಿಲ್ಲ, ಅವನ ಜಾಗದಲ್ಲಿದ್ದರೆ ನಾನೂ ಕೂಗಾಡುತ್ತಿದ್ದೆ. ಕಡೆಗೆ ತಾಯಿಯ ಹೊಸ್ತಿಲಿಗೆ ಹೋಗಿ ನಿಂತು, "ಯವ್ವಾ, ಬೀಜದ್ದು ಅಂತ ನನಗ ಖರೇನ ಗೊತ್ತಿರಲಿಲ್ಲ. ದಪ್ಪ ಕಾಳು ಕಂಡ್ವು, ತಂದೆ," ಅಂದ. "ಆದ್ರ ಕಣದಾಗ ನೀನೂ ಕಾಳು ತುಳದೀಯಲ್ಲ. ಎತ್ತು ಹೂಡಿ ತುಳಿಸೀರಲ್ಲ. ಆಗ ಇಲ್ಲದ್ದು ಈಗ್ಯಾಕ?"

"ಕಣದಾಗ ತುಳದದ್ದು ಉಣ್ಣಾಕ," ಅಂದಳು ದೇವವ್ವ. ದನಿ ಏರಿಸಲಿಲ್ಲ. "ತುಳದು, ತೂರಿ, ತಲಿ ಮ್ಯಾಲೆ ಹೊತ್ತು ಮನಿಗೆ ತಂದೀವಿ. ಇದನ್ನ ನೀ ಯಾವಾಗ ತಲಿ ಮ್ಯಾಲೆ ಹೊರಾವ?"

ಚನ್ನೇಶ ಸೋಫಾದಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. ಅವನೂ ದಣಿದಿದ್ದ, ಸುಗ್ಗಿಯ ದಿನದಲ್ಲಿ ಮನೆಯ ಜಗಳ ಬೇರೆ. ಬಾಗಿಲಲ್ಲಿ ನಿಂತಿದ್ದ ಶಿಲ್ಪಾ ಆಗ ಬಾಯಿಬಿಟ್ಟಳು.

"ಪೂರಾ ಕೀಳೂದು ಬ್ಯಾಡ್ರಿ. ಅತ್ತಿ ಕ್ವಾಣಿಯಿಂದ ಅಡಗಿಮನಿಗೆ ಒಂದು ದಾರಿ ಅಷ್ಟ ಬಿಡಸಾಕ ಬರತೈತೇನು? ಈ ನೆಲ ಬೇಕಂದಾಕಿ ನಾನ. ನನಗೂ ಸಾಕಾಗೇತಿ. ಮತ್ತ ಅವರು ಹಿತ್ತಲದಾಗ ಬಿದ್ರ ನಾ ಏನ್ ಮಾಡ್ಲಿ?"

ಎಲ್ಲರೂ ನನ್ನ ಕಡೆ ನೋಡಿದರು. ಬರುತ್ತದೆ ಅಂದೆ. ಎರಡು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಕಾಳಿನವರೆಗೆ ಅರೆದು, ಕಾಳು ತೆಗೆದು, ಬರಿಯ ಬಣ್ಣದ ರಾಳ ತುಂಬಬೇಕು.

"ನಿಮ್ಮ ಕಾಲು ನಿಮ್ಮವು," ಅಂದಳು ದೇವವ್ವ ಮಗ ಸೊಸೆಗೆ. "ನಾ ಏನೂ ಅನ್ನೂದಿಲ್ಲ. ನನ್ನ ಕಾಲಿಗೆ ಅಷ್ಟು ಬಿಡ್ರಿ ಸಾಕು." ಆಮೇಲೆ ನನಗೆ, "ನೀ ಮಾಡಬ್ಯಾಡ ತಮ್ಮಾ. ಮತ್ತೊಬ್ರನ್ನ ಹಚ್ಚು," ಅಂದಳು.

ಮತ್ತೊಬ್ಬರು ಹುಬ್ಬಳ್ಳಿಯಿಂದ ಬರಬೇಕು. ನನ್ನ ನೆಲದ ಒಳಗೆ ಎಷ್ಟು ಕೈ ರಾಳ ಇದೆ, ಕಾಳು ಎಷ್ಟು ಆಳಕ್ಕಿದೆ ಅವರಿಗೆ ಗೊತ್ತಿಲ್ಲ. ಉಡಚಪ್ಪ ಕಾಕಾ ಮಷೀನು ಹಿಡಿಯುತ್ತಾನೆ, ಆದರೆ ಅಂಚು ಕೊರೆಯುವುದು, ಹದ ನೋಡಿ ಸುರಿಯುವುದು ಅವನಿಂದಾಗದು. ಇವೆಲ್ಲ ಕಾರಣಗಳನ್ನು ನಾನು ರೋಹಿಣಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು. ನಿಜವಾದ ಕಾರಣ ಬೇರೆ ಇತ್ತು. ಸುಳ್ಳು ಹೇಳಿ ಒಬ್ಬ ಮುದುಕಿಯನ್ನು ಕಾಳಿನ ಮೇಲೆ ನಡೆಸಿದವನು ನಾನು. ಅದನ್ನು ಇನ್ನೊಬ್ಬನ ಕೈಯಿಂದ ತೊಳೆಸಿಕೊಂಡರೆ ನನಗೆ ಅನ್ನ ಸೇರುತ್ತಿರಲಿಲ್ಲ.

"ಹೋಗ್ರಿ," ಅಂದಳು ರೋಹಿಣಿ. "ನಾ ಬ್ಯಾಡ ಅಂದ್ರೂ ಹೋಗಾವ್ರು ನೀವು. ಆದ್ರ ಆಣಿ ಮುರದದ್ದು ನನಗ ಬ್ಯಾಸರಾಗೈತಿ. ಅದನ್ನ ಹೇಳದ ಇರಾಕ ಆಗೂದಿಲ್ಲ." ಹೇಳಿ, ಹಳೆಯ ಪಂಚೆ ಹರಿದು ಮೂಗಿಗೆ, ತಲೆಗೆ ಕಟ್ಟಿಕೊಳ್ಳಲಿಕ್ಕೆ ನಾಲ್ಕು ತುಂಡು ಮಾಡಿ ಚೀಲಕ್ಕೆ ಹಾಕಿದಳು.

ಮೊದಲ ದಿನ ಅರೆದದ್ದು. ಕಾಕಾ ಮಷೀನು ತಳ್ಳಿದ, ನಾನು ಮಂಡಿಯೂರಿ ಅಂಚು ಕೊರೆದೆ. ಹಿಟ್ಟಿನಂಥ ಧೂಳು ಎದ್ದು ಕಿಟಕಿಯ ಬೆಳಕನ್ನು ಮುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಗ್ಲೌಸಿನೊಳಗೆ ಕೈ ಹಸಿಯಾಯಿತು, ರೆಪ್ಪೆ ಭಾರವಾಯಿತು. ಸಂಜೆ ಗುಡಿಸಿದಾಗ ಎರಡು ಬುಟ್ಟಿ ಬಂತು, ಅರ್ಧ ಧೂಳು, ಅರ್ಧ ಒಡೆದ ಜೋಳ. ಕೆಲವು ಕಾಳು ಇಡಿಯಾಗಿಯೇ ಇದ್ದವು, ಮೈಮೇಲೆ ಗಾಜಿನ ಪೊರೆ.

ದೇವವ್ವ ಹೊಸ್ತಿಲಿನಿಂದ ಕೈ ಚಾಚಿ ಒಂದು ಹಿಡಿ ತೆಗೆದುಕೊಂಡಳು.

"ಗುಬ್ಬಿಗೆ ಹಾಕಾಕ ಬರತೈತೇನು?"

"ಬ್ಯಾಡ್ರಿ ಯವ್ವಾ. ವಿಷ. ದನಕ್ಕೂ ಬ್ಯಾಡ, ಗೊಬ್ಬರಕ್ಕೂ ಬ್ಯಾಡ. ಹೊಲದಿಂದ ದೂರ ಎಲ್ಲಾರ ತಗ್ಗ ತಗದು ಮುಚ್ಚಬೇಕು."

ಅವಳು ಹಿಡಿಯನ್ನು ಬಿಚ್ಚಿ ನೋಡುತ್ತ ಕೂತಳು. ಕಣ್ಣಲ್ಲಿ ನೀರು ಬಂದಿತ್ತು, ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ.

"ಮಣ್ಣಿಗೆ ಹಾಕಾಕಂತನ ಇಟ್ಟಿದ್ನಿ," ಅಂದಳು. "ಇಂಥಾ ಮಣ್ಣಿಗೆ ಅಂತ ಗೊತ್ತಿರಲಿಲ್ಲ." ಆ ಹಿಡಿಯನ್ನು ಬುಟ್ಟಿಗೆ ಹಾಕಿ, ಗುತ್ತಲದಲ್ಲಿ ಅಣ್ಣನ ಮನೆಯಲ್ಲಿ ಇದೇ ಬೀಜ ನಾಲ್ಕು ಸೇರು ಇರಬೇಕು, ಕೇಳಿ ತರಿಸಿಕೊಳ್ಳುತ್ತೇನೆ ಅಂತಲೂ ಅಂದಳು. ಆ ಮಾತಿಗೆ ನನಗೆ ಒಂದಿಷ್ಟು ಉಸಿರು ಬಂದಂತಾಯಿತು. ಚನ್ನೇಶ ತಾನೇ ಬುಟ್ಟಿಗಳನ್ನು ಎತ್ತಿದ. ಒಂದನ್ನು ಕೈಯಲ್ಲಿ ಹಿಡಿದ, ಇನ್ನೊಂದನ್ನು ಇಡಲಿಕ್ಕೆ ಬೇರೆ ಜಾಗವಿಲ್ಲದೆ ತಲೆಯ ಮೇಲೆ ಇಟ್ಟುಕೊಂಡು ಹೊರಗೆ ಹೋದ. ದೇವವ್ವ ಅದನ್ನು ನೋಡಿದಳು.

ಎರಡನೆಯ ದಿನ ಸುರಿದೆವು. ಯಾವ ಬಣ್ಣ ಎಂದು ಕೇಳಿದ್ದಕ್ಕೆ ದೇವವ್ವ, ಹಳೆಯ ಮನೆಯಲ್ಲಿ ಕಾವಿ ನೆಲ ಇತ್ತು, ಆ ಬಣ್ಣ ಸಿಕ್ಕರೆ ನೋಡು ಅಂದಿದ್ದಳು. ನಮ್ಮಪ್ಪನ ಬಣ್ಣ. ರಾಳಕ್ಕೆ ಕಾವಿಯ ಕೆಂಪು ಕಲೆಸಿದೆ, ಜಾರದಿರಲೆಂದು ಸಣ್ಣ ಮರಳು ಬೆರೆಸಿದೆ. ಕಡೆಯ ಡಬ್ಬಿ ಬಗ್ಗಿಸುವಾಗ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಇನ್ನೊಂದರ ಸಂದಿಯಿಂದ ಅಂಚು ನೋಡಿಕೊಂಡೆ. ಎದೆಯಲ್ಲಿ ಸಿಳ್ಳೆ ಹಾಕಿದಂಥ ಸದ್ದು ಬರುತ್ತಿತ್ತು. ಅದನ್ನು ಕೇಳಿ ಕಾಕಾ ನನ್ನನ್ನು ಹೊರಗೆ ಎಳೆದುಕೊಂಡು ಹೋಗಿ ಜಗಲಿಯ ಮೇಲೆ ಕೂರಿಸಿದ.

ನಾಲ್ಕನೆಯ ದಿನ ಮುಂಜಾನೆ, ಗಟ್ಟಿಯಾಯಿತೋ ಇಲ್ಲವೋ ಮುಟ್ಟಿ ನೋಡಲು ಹೋದೆ. ಎರಡೂ ಕಣ್ಣು ಬಾತು ಮುಚ್ಚಿದ್ದವು, ಕಾಕಾ ಕೈಹಿಡಿದು ಕರೆದುಕೊಂಡು ಹೋದ. ರೋಹಿಣಿಯೂ ಬಂದಿದ್ದಳು, ಅಲ್ಲಿಂದ ನೇರ ಹಾವೇರಿಗೆ ಡಾಕ್ಟರ ಹತ್ತಿರ ಹೋಗುವುದಿತ್ತು. ನಾನು ನೆಲದ ಮೇಲೆ ಮುಂಗೈ ಒತ್ತಿ ನೋಡಿದೆ. ಗಟ್ಟಿಯಾಗಿತ್ತು.

"ಬರ್ರಿ ಯವ್ವಾ," ಅಂದೆ.

ಅವಳ ಕೋಣೆಯ ಕಡೆಯಿಂದ ಮಣೆ ಸರಿದ ಸದ್ದು ಬಂತು. ಆಮೇಲೆ ಕೋಲಿನದು. ಅವತ್ತು ಕಾಳಿನ ಮೇಲೆ ಊರಿದಾಗ ಕೋಲು ಠಣ್ ಅನ್ನುತ್ತಿತ್ತು, ಮರಳು ಬೆರೆತ ಕಾವಿಯ ಮೇಲೆ ಬೇರೆ ಸದ್ದು, ಮಂದ. ನಾನು ಗೋಡೆಗೆ ಒರಗಿ ಕಿವಿಗೊಟ್ಟು ನಿಂತೆ. ಮೊದಲ ಹೆಜ್ಜೆಗೆ ತಡೆಯುತ್ತಾಳೋ ಎಂದು ಕಾದೆ. ತಡೆಯಲಿಲ್ಲ. ಕೋಲು ಒಂದೇ ಸಮ ಊರುತ್ತ ನನ್ನ ಮುಂದಿನಿಂದ ದಾಟಿ ಅಡುಗೆಮನೆಗೆ ಹೋಯಿತು, ಅಲ್ಲಿ ಪಾತ್ರೆ ಸದ್ದಾಯಿತು. ಮತ್ತೆ ಅದೇ ದಾರಿಯಲ್ಲಿ ಹಿಂತಿರುಗಿ ಬಂದು ನನ್ನ ಹತ್ತಿರ ನಿಂತಿತು.

"ರೊಟ್ಟಿ ಮುರದು ಮಜ್ಜಿಗಿ ಹಾಕಿ ಕಲಿಸೇನಿ," ಅಂದಳು ದೇವವ್ವ. "ಬಾಯಿ ತಗಿ."

ಹೆಂಡತಿಯ ಎದುರಿಗೆ, ಕಾಕಾನ ಎದುರಿಗೆ, ಚನ್ನೇಶ ಶಿಲ್ಪಾ ನೋಡುತ್ತಿರುವಾಗ, ನಾನು ಬಾಯಿ ತೆರೆದೆ.